ರೇಸಿನ ಊರಿಂದ ಬಂದ ಕೈ

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಚಿಂತಾಮಣಿ ಬಸ್ಸಿಗೆ ಕಾಯುತ್ತಿದ್ದ ತನುಜಳಿಗೆ ಪಕ್ಕದ ಗಂಡ ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡನ ಕೈಯಲ್ಲಿ ರೇಸ್ ಕಾರಿನ ಚಿತ್ರವಿದ್ದ ಹೊಸ ಟೋಪಿ. ಹೆಂಡತಿ ಅವನತ್ತ ತಿರುಗಿಯೂ ನೋಡುತ್ತಿರಲಿಲ್ಲ.

“ಸಮುದ್ರದ ದಡದಲ್ಲಿ ಕಾರ್ ರೇಸ್ ನಡೆಸ್ತಿದ್ದ ಊರು ಕಣೇ ಅದು. ನಮ್ಮಪ್ಪನ ಕಾಲದ ಕಾರುಗಳು ಇವತ್ತಿಗೂ ಅವೆ. ಒಂದ್ಸಲ ಹೋಗಿ ನೋಡಿದ್ದು ತಪ್ಪಾ?”

“ನೋಡಿದ್ದು ತಪ್ಪಲ್ಲ. ಬಂದವನೇ ಕೈ ತೊಳೀದೆ ರೇಷ್ಮೆಹುಳದ ಮನೆಗೆ ನುಗ್ಗಿದ್ದು ತಪ್ಪು.”

“ನಿನಗೆ ಆಸರೆ ಆಗ್ಲಿ ಅಂತ ಹುಳಕ್ಕೆ ಸೊಪ್ಪು ಹಾಕ್ದೆ.”

“ಸೊಳ್ಳೆ ಕ್ರೀಮ್ ಮೆತ್ಕೊಂಡಿದ್ದ ಕೈಯಲ್ಲಿ! ವಾಸನೆ ಹುಳಕ್ಕೆ ಆಗಲ್ಲ ಅಂತ ಇಪ್ಪತ್ತು ದಿನ ನಾನು ಮನೇಲಿ ಊದುಬತ್ತಿ ಹಚ್ಚಿಲ್ಲ, ತಲೆಗೆ ಹೂ ಮುಡಿದಿಲ್ಲ. ಗೂಡು ಕಟ್ಟೋಕೆ ಎರಡೇ ದಿನ ಇತ್ತು. ಒಂದೂ ಉಳೀದೆ ಒದ್ದಾಡಿ ಸತ್ತೋದ್ವು.”

“ಲಾಡ್ಜಲ್ಲಿ ಸೊಳ್ಳೆ ಕಾಟ. ಹಚ್ಕೊಂಡಿದ್ದು ಮರೆತೋಯ್ತು.”

“ಕಾರಿನ ನಂಬರು ಒಂದೂ ಮರೆತೋಗ್ಲಿಲ್ಲ ನಿನಗೆ.”

ತನುಜಳ ತಾಯಿಯೂ ರೇಷ್ಮೆಹುಳ ಸಾಕಿದವಳೇ. ತನಗರಿವಿಲ್ಲದೆ ಅವಳ ಕಣ್ಣು ಅವನ ಕೈಗೆ ಹೋಯಿತು. ಅವನು ಕೈಯನ್ನು ಟೋಪಿಯೊಳಗೆ ಅಡಗಿಸಿಕೊಂಡ.

ಜಂಗಮಕೋಟೆ ಬಸ್ಸು ಬಂದು ನಿಂತಿತು. ಗಂಡ ಹೆಂಡತಿ ಇಬ್ಬರೂ ಎದ್ದರು.

“ಹುಳ ಹೋದ್ಮೇಲೂ ಆ ಮನೆಗ್ಯಾಕೆ ಬೀಗ ಹಾಕ್ಕೊಂಡಿದ್ದೀಯ? ಒಳಗೇನೈತೆ?”

ಹೆಂಡತಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಮೊದಲ ಸಲ ಅವನ ಮುಖ ನೋಡಿದಳು.

“ನನ್ನ ಹಾಸಿಗೆ ಐತೆ. ಇನ್ಮೇಲೆ ಅಲ್ಲೇ ಮಲಗೋದು. ನೀನು ಸ್ನಾನ ಮಾಡ್ಕೊಂಡು ಬಂದ್ರೂ ಬಾಗಿಲು ತೆಗಿಯಲ್ಲ.”