ಬಾಲಕ್ಕೆ ಕಟ್ಟಿದ ಹಸಿರು ದೀಪ

ಅಕ್ಕನನ್ನು ಮದುವೆಯಾದ ಹೊಸತರಲ್ಲಿ ಭಾವ ಊಟದ ಮೇಜಿನಲ್ಲಿ ಎಲ್ಲರಿಗೂ ಕೇಳುವಂತೆ ನಾದಿನಿಗೆ ಮಾತು ಕೊಟ್ಟಿದ್ದರು: "ನನ್ನ ಪ್ರಯೋಗದಲ್ಲಿ ತಪ್ಪು ಕಂಡರೆ ಮುಖದ ಮೇಲೇ ಹೇಳು. ತುಂಬಿದ ಸಭೆಯಲ್ಲಿ 'ತಪ್ಪು ನನ್ನದು' ಅಂತೀನಿ." ಆ ನಾದಿನಿ ಈಗ ಸಸ್ಯಕೋಶಗಳ ಸಂಶೋಧಕಿ, ಭಾವ ಯೀಸ್ಟಿನ ಮಹಾಪಂಡಿತರು. ಅವಳ ಶಿಷ್ಯೆ ಗುಬ್ಬಿಯ ಪಿಎಚ್.ಡಿ. ಪ್ರಬಂಧವನ್ನು ತಳ್ಳಿಹಾಕಬೇಕೆಂದು ಪರೀಕ್ಷಕರಾಗಿ ಬಂದ ಅವರೇ ಹಟ ಹಿಡಿದಿದ್ದರು. ಸಮಿತಿ ಚಹಾಕ್ಕೆ ಎದ್ದಿತ್ತು. ಮಾರ್ಗದರ್ಶಿಯಾದ ಅವಳಿಗೆ ಸಮಿತಿ ಕೂತ ಕೋಣೆಯೊಳಗೆ ಪ್ರವೇಶವಿಲ್ಲ. ಅವಳು ಪ್ರಯೋಗಾಲಯದ ಸಿಂಕಿನ ಪಕ್ಕ ನಿಂತು, ಒಂದು ಕೈಗವಸು ಕಿತ್ತೆಸೆದು, ಫೋನ್ ಹಚ್ಚಿದಳು.

"ಹಲೋ... ಯಾರು, ಭಾವ ತಾನೇ?... ನಾನೇ. ಬಿಸ್ಕತ್ತು ನುಂಗಿ, ಆಮೇಲೆ ಮಾತಾಡಿ..."

"ಏನಂದ್ರಿ? ಪ್ರೋಟೀನುಗಳನ್ನ ಗುರುತು ಹಿಡಿದು ಒಳಗೆ ಬಿಡೋ ಕಾವಲುಗಾರ ಗಿಡದ ಮೈಟೊಕಾಂಡ್ರಿಯಾಕ್ಕೆ ಇಲ್ವೇ ಇಲ್ವಾ? ಗುಬ್ಬಿ ಬರೆದಿದ್ದೆಲ್ಲ ಸುಳ್ಳಾ?... ಹಾಂ, ನಿಮ್ಮ ಲ್ಯಾಬಲ್ಲೇ ಪ್ರಯೋಗ ಮಾಡಿಸಿ ಕಣ್ಣಾರೆ ನೋಡಿದ್ರಿ. ಹೊರಪೊರೆಯ ಮೇಲೆ ನಿಲ್ದೆ ಕೋಶದ ತುಂಬ ಅಲೀತಿದ್ದ, ಅಲ್ವಾ?..."

"ಅವನು ಎಲ್ಲಿದ್ದಾನೆ ಅಂತ ಕಾಣ್ಲಿ ಅಂತ ಅಂಟಿಸ್ತೀವಲ್ಲ, ಹೊಳೆಯೋ ಪ್ರೋಟೀನು, ಆ ಹಸಿರು ದೀಪ ಅವನ ಯಾವ ತುದಿಗೆ ಕಟ್ಟಿಸಿದ್ರಿ?... ಯಾವ ತುದಿ ಭಾವ?... ಬಾಲಕ್ಕೆ! ಯೀಸ್ಟಿಗೆ ಕಟ್ಟೋ ಹಾಗೇ! ಆಹಾ..."

"ಯೀಸ್ಟಲ್ಲಿ, ನಮ್ಮ ನಿಮ್ಮ ಮೈಯಲ್ಲಿ, ಅವನು ಪೊರೆಯೊಳಗೆ ತಲೆ ಹುಗಿದು ನಿಲ್ತಾನೆ. ಗಿಡದಲ್ಲಿ ಬಾಲ ಊರಿ ನಿಲ್ತಾನೆ. ಊರೋ ಬಾಲಕ್ಕೇ ದೀಪ ಕಟ್ಟಿದ್ರೆ ಪಾಪ, ಎಲ್ಲಿ ನಿಲ್ಬೇಕು? ಕಾಲು ಕಟ್ಟಿಹಾಕಿ, ಇವನಿಗೆ ನಡೆಯೋಕೇ ಬರಲ್ಲ ಅಂದ ಹಾಗಾಯ್ತು..."

"ಎರಡಕ್ಕೂ ಹೆಸರು ಒಂದೇನಾ?... ಹೆಸರು ಒಂದೇ, ವಂಶ ಬೇರೆ! ಪ್ರೋಟೀನು ತೂರೋ ಬಾಗಿಲು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಮನೆತನದ್ದು. ಕಾವಲಿನವರನ್ನ ಮಾತ್ರ ಅವರವರೇ ಗೊತ್ತುಮಾಡ್ಕೊಂಡಿದ್ದಾರೆ. ನಿದ್ರಾರೋಗ ತರೋ ಆ ಪರೋಪಜೀವಿಯಲ್ಲೂ ಯೀಸ್ಟಿನ ನೆಂಟರಲ್ಲದವರೇ ಕಾಯ್ತಿದ್ದಾರೆ. ಲೋಕವೆಲ್ಲ ನಿಮ್ಮ ಯೀಸ್ಟಿನ ಸೀಸೆಯಲ್ಲೇ ಹುಟ್ಟಿತು ಅಂದ್ಕೊಂಡ್ರಾ?..."

"ಏ ಹುಡುಗಿ ಅನ್ಬೇಡಿ, ತಲೆ ನರೆತಿದೆ... ಅಕ್ಕನ್ನ ಯಾಕೆ ನಡುವೆ ಎಳೀತೀರಿ? ಅವಳೇನು ದೀಪ ಕಟ್ಟಿದ್ಲಾ?..."

"ಗುಬ್ಬಿ ಆ ದೀಪಾನ ಅವನ ತಲೆಗೆ ಕಟ್ಟಿ ನೋಡಿದಾಳೆ. ಮೈಟೊಕಾಂಡ್ರಿಯಾ ಸುತ್ತ ಉಂಗುರದ ಹಾಗೆ ಹೊಳೀತು. ಆ ಚಿತ್ರ ನಿಮ್ಮ ಮುಂದೇ ಇತ್ತು. ನೋಡಿದ್ರಾ?... ನೋಡಿದ್ರಾ ಅಂದೆ... ಪುಟ ತಿರುವಿ ಹಾಕಿದ್ರಿ. ಶಭಾಷ್! ಐದು ವರ್ಷ ಸವೆಸಿದ ಮಗು ಬಾಗಿಲಾಚೆ ಬೆಂಚಿನ ಮೇಲೆ ಉಗುರು ಕಚ್ಕೊಂಡು ಕೂತಿದೆ, ಭಾವ..."

"ಕರೀತಿದ್ದಾರಾ? ಹೋಗಿ. ಅವತ್ತು ಕೊಟ್ಟ ಮಾತು ನೆನಪಿದೆ ತಾನೇ?... ನೆನಪಿದ್ರೆ ಸಾಕು. ಫೋನ್ ಕಟ್ ಮಾಡ್ಬೇಡಿ, ಮೇಜಿನ ಮೇಲೇ ಇರ್ಲಿ. ನನ್ನ ಕಿವಿಗೂ ಬೀಳ್ಲಿ..."

ಅವಳು ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. ತೊಟ್ಟಿಕ್ಕುವ ಸದ್ದೂ ಅಡ್ಡ ಬರಬಾರದು.

"ಹಾಂ... ಪಾಸು ಅಂದ್ರಾ? ಪಾಸೇ!... ಏನು? ದೀಪ ಕಟ್ಟಿದ್ದು ಲ್ಯಾಬಿನವರ ಅಜಾಗರೂಕತೆನಾ?... ಕಟ್ಟಿ ಅಂದೋರು ಯಾರು ಭಾವ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಕೇಳಿಸ್ತಾ?... ಭಾವ? ಹಲೋ? ಹಲ..."

ಫೋನ್ ಕಟ್ಟಾಯಿತು. ಗುಬ್ಬಿಗೆ ಪದವಿ ಸಿಕ್ಕಿತು. ಭಾವ ಮಾತು ಉಳಿಸಿಕೊಳ್ಳಲಿಲ್ಲ.