ಕೆಮ್ಮುವ ಕೆಲಸ

ಕೂತ್ಕೋ ಅಂತೀರ, ಆಮೇಲೆ ಮಾತೇ ಆಡಲ್ಲ. ಏನ್ ಮೇಡಂ ಇದು? ಡಾಕ್ಟರುಗಳೆಲ್ಲ ಟೀ ಕುಡಿಯೋಕೆ ಕೆಳಗಿಳಿದು ಹೋದ್ರು, ನನ್ನೊಬ್ಬಳನ್ನ ಹಿಡಿದು ಕೂರಿಸಿದ್ದೀರಲ್ಲ, ಕಾಪಿ ಹೊಡೆದು ಸಿಕ್ಕಿಬಿದ್ದೋಳ ಥರ! ಕೋಲಾರದಿಂದ ಮಾಲೂರಿಗೆ ಒಂದು ಬಸ್ಸು, ಅಲ್ಲಿಂದ ಲಕ್ಕೂರಿಗೆ ಇನ್ನೊಂದು. ತಡ ಆದ್ರೆ ನಮ್ಮತ್ತೆ ಭಾರತಮ್ಮ ಬಾಗಿಲಲ್ಲೇ ಪಂಚಾಯ್ತಿ ಸೇರಿಸ್ತಾರೆ.

ಯಾಕೆ, ಇವತ್ತು ಸರಿಯಾಗಿ ಕೆಮ್ಮಲಿಲ್ವಾ ನಾನು?

ನಗಲೂ ಇಲ್ಲ ನೀವು. ದಿನಾ ನಗ್ತಿದ್ರಲ್ಲ ರುಮಾನಾ ಮೇಡಂ! ಮೊದಲನೇ ದಿನ ನೀವೇ ಎಲ್ಲರ ಮುಂದೆ ಹೇಳಿದ್ರಿ, ಈ ಹುಡುಗಿ ನಾಟಕದ ಕಂಪ್ನಿ ಸೇರಬೇಕಿತ್ತು ಅಂತ. ಡಾಕ್ಟರುಗಳಿಗೆ ಟಿ.ಬಿ. ಕಂಡುಹಿಡಿಯೋದು ಕಲಿಸೋಕೆ ಒಬ್ಬಳು ಸುಳ್ಳು ರೋಗಿ ಬೇಕು, ಮೈಯಲ್ಲಿ ರೋಗ ಇರಬಾರದು, ಬಾಯಿ ಜೋರಿರಬೇಕು ಅಂದಿದ್ರಂತೆ. ನಮ್ಮೂರ ಆಶಾ ಕಾರ್ಯಕರ್ತೆ ಗಂಗಾಲಕ್ಷ್ಮಕ್ಕ ನನ್ನ ತಂದು ನಿಲ್ಲಿಸಿ, 'ಬಾಯಿಗೇನೂ ಬರಗಾಲ ಇಲ್ಲ, ತಗೊಳ್ಳಿ' ಅಂದ್ಲು. ನಿನಗೇನೂ ಕಾಯಿಲೆ ಇಲ್ಲ ತಾನೇ ಅಂತ ನೀವು ಕೇಳಿದ್ರಿ. ಗುಂಡುಕಲ್ಲಿನಂಗಿದ್ದೀನಿ ಅಂದೆ. ಸಹಿನೂ ಹಾಕಿದೆ.

ಹಾಳೆ ಕೊಟ್ರಿ, ಬಾಯಿಪಾಠ ಮಾಡ್ದೆ. ಮೂರು ವಾರದಿಂದ ಕೆಮ್ಮು. ಸಂಜೆ ಹೊತ್ತು ಜ್ವರ. ರಾತ್ರಿ ಬೆವರು. ತೂಕ ಇಳಿದಿದೆ. ಕೇಳಿದ್ರೆ ಮಾತ್ರ ಹೇಳು, ಕೇಳದೆ ಬಾಯಿ ಬಿಡಬೇಡ. ಹತ್ತನೇ ಕ್ಲಾಸಿನ ಪದ್ಯ ಮರೆತಿರಬಹುದು, ಇದು ಒಂದಕ್ಷರ ತಪ್ಪಲಿಲ್ಲ. ತಪ್ಪಿತಾ? ಹೇಳಿ!

ಆ ಮುಳಬಾಗಿಲಿನ ಕೋದಂಡರಾಮಪ್ಪ ಡಾಕ್ಟರು... ಅಬ್ಬಬ್ಬಾ! ನನ್ನ ಮುಖಾನೂ ನೋಡದೆ, ತೆಲುಗಲ್ಲಿ, 'ದಗ್ಗು ಎನ್ನಿ ರೋಜುಲ ನುಂಚಿ ಅಮ್ಮಾ?' ಅಂದ್ರು. ಕೆಮ್ಮು ಎಷ್ಟು ದಿನದಿಂದ ಅಂತ. ನಾನೂ ಬಿಡ್ತೀನಾ? 'ಮೂಡು ವಾರಾಲು ಸಾರ್' ಅಂದೆ. 'ಏನಿಲ್ಲ, ಬರೀ ಶೀತ, ಬಿಸಿನೀರು ಕುಡಿ, ಒಂದು ಇಂಜೆಕ್ಷನ್ ಹಾಕ್ತೀನಿ' ಅಂದ್ಬಿಟ್ರು! ನಲವತ್ತು ವರ್ಷದಿಂದ ಊರೋರ ಸೊಂಟಕ್ಕೆಲ್ಲ ಸೂಜಿ ಚುಚ್ಚಿರೋ ಮನುಷ್ಯ, ಅವರನ್ನ ನಿಲ್ಲಿಸಿ ನೀವು ಬೈದ್ರಿ ನೋಡಿ, ಮುಖ ಸುಟ್ಟ ಬದನೆಕಾಯಿ ಆಗೋಯ್ತು ಪಾಪ. ನಂಗೂ ಬೈದ್ರಿ. ಪಾತ್ರ ಬಿಟ್ಟು ಯಾಕೆ ನಕ್ಕೆ ಅಂತ.

ಕಿಟಕಿ ಯಾಕೆ ತೆಗೆದ್ರಿ? ಸೆಕೆನಾ? ಹಾಂ, ಗಾಳಿ ಆಡ್ಲಿ, ಆಡ್ಲಿ.

ಮಾತಾಡಿ ಮೇಡಂ. ಇಲ್ಲಾಂದ್ರೆ ಹೋಗು ಅನ್ನಿ.

ಓ... ಹಾಳೆ ತಂದಿದ್ದೀರ. ಬೆರಳು ಬೇರೆ ಇಟ್ಟು ತೋರಿಸ್ತೀರ. ಓದೋಕೆ ಬರುತ್ತೆ ನಂಗೆ. ಹನ್ನೊಂದನೇ ಸಾಲು. 'ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದಾರೆಯೇ ಎಂದು ಕೇಳಿದರೆ, ಹೌದು, ಒಂದು ಮಗು ಇದೆ ಎನ್ನಬೇಕು.' ಇಲ್ಲ ಅಂದ್ಬಿಟ್ಟೆ. ಮರೆವು. ಒಂದು ಸಾಲು ಮರೆತಿದ್ದಕ್ಕೆ ಇಷ್ಟೊಂದಾ?

ಶ್ರೀನಿವಾಸಪುರದ ಆ ಚಿಕ್ಕ ಡಾಕ್ಟರು, ಮುರಳಿಮೋಹನ್, ಅವರು ಕೇಳಿದ್ದು ನೆನಪಿದೆ. ಮೆತ್ತಗೆ ಕೇಳಿದ್ರು, 'ಅಕ್ಕ, ಮನೇಲಿ ಪುಟ್ಟ ಮಕ್ಕಳಿದ್ದಾರಾ' ಅಂತ. ಇಲ್ಲ ಅಂದೆ. ಆಮೇಲೆ...

ಆರು ಜನ ಕೇಳಿದ್ರಾ? ಆರು ಗೀಟು ಹಾಕ್ಕೊಂಡಿದ್ದೀರಲ್ಲ! ಆರೂ ಸಲ ಇಲ್ಲ ಅಂದ್ನಾ?

ಸರಿ. ಹೇಳ್ತೀನಿ. ನಗಬಾರದು ನೀವು. ನಿಮ್ಮಲ್ಲಿ ಇದೆಯೋ ಇಲ್ವೋ, ನಮ್ಮಲ್ಲಿ ಅಸ್ತು ದೇವತೆಗಳು ಅಂತ ಇದ್ದಾರೆ. ತಲೆ ಮೇಲೇ ಓಡಾಡ್ತಿರ್ತಾರೆ. ಏನಾದ್ರೂ ಕೆಟ್ಟದ್ದು ಆಡಿದ್ರೆ ಸಾಕು, 'ಅಸ್ತು' ಅಂದ್ಬಿಡ್ತಾರೆ, ಆಡಿದ್ದೇ ಆಗಿಬಿಡುತ್ತೆ. ಅದಕ್ಕೇ ಯಾರಾದ್ರೂ ಬಾಯಿ ತಪ್ಪಿ ಅಂದ್ರೆ, 'ಬಿಡ್ತು ಅನ್ನು' ಅಂತ ತಲೆ ಮೇಲೆ ಮೊಟಕ್ತೀವಿ. ನಾಟಕಕ್ಕೇ ಆಗ್ಲಿ ಮೇಡಂ, ಹೆತ್ತ ಮಗೂನ ತಗೊಂಡೋಗಿ ಈ ರೋಗದ ಪಕ್ಕ ಕೂರಿಸೋಕೆ ನಾಲಿಗೆ ಏಳಲಿಲ್ಲ. ಅಷ್ಟೇ. ಮುಗೀತಲ್ಲ? ಹೋಗ್ಲಾ?

ಯಾಕೆ ಹಾಗೆ ನೋಡ್ತೀರ?

ಬೇಡ, ಹಾಗೆ ನೋಡ್ಬೇಡಿ. ನೀವು ಏನು ಲೆಕ್ಕ ಹಾಕ್ತಿದ್ದೀರ ಅಂತ ಗೊತ್ತು ನಂಗೆ. ಮಗೂ ಹೆಸರೆತ್ತೋಕೆ ಇಷ್ಟು ಹೆದರೋಳು, ನಂಗೆ ಕೆಮ್ಮು, ನಂಗೆ ಜ್ವರ, ನಂಗೆ ಬೆವರು ಅಂತ ನಾಲ್ಕು ದಿನದಿಂದ ಹಾಡು ಹೇಳ್ದಂಗೆ ಹೇಳ್ತಿದ್ದಾಳಲ್ಲ, ಆವಾಗ ಅಸ್ತು ದೇವತೆಗಳು ರಜ ಹಾಕಿದ್ರಾ ಅಂತ. ಅದೇ ತಾನೇ? ಒಂದ್ಸಲನಾದ್ರೂ ಬಿಡ್ತು ಅನ್ಲಿಲ್ವಲ್ಲ ಇವಳು ಅಂತ.

ಅನ್ಲಿಲ್ಲ. ನಿಜ.

ಆಗಿಹೋಗಿರೋದಕ್ಕೆ ಯಾವ ದೇವತೆ ಬಂದು ಅಸ್ತು ಅನ್ಬೇಕು ಮೇಡಂ?

...ನೀರು ಬೇಡ. ಇರ್ಲಿ. ನಿಮ್ಮ ಲೋಟ ನಂಗೆ ಬೇಡ, ಆ ಕಡೆ ಇಟ್ಕೊಳ್ಳಿ.

ಎರಡು ತಿಂಗಳಾಯ್ತು. ಹಾಳೇಲಿ ಮೂರು ವಾರ ಅಂತ ಇತ್ತು, ಅಷ್ಟೇ ಹೇಳ್ದೆ. ರವಿಕೆಗೆ ಎರಡು ಸಲ ಒಳಹೊಲಿಗೆ ಹಾಕಿದ್ದೀನಿ. ಅತ್ತೆ ಕೇಳಿದ್ರೆ ಉಪವಾಸ ಅಂತೀನಿ. ವೆಂಕಟ್ ಕೇಳಲ್ಲ. ಬೆಳಗ್ಗೆ ಇಟ್ಟಿಗೆ ಲಾರಿ ಹತ್ತಿದ್ರೆ ಆಯ್ತು ನಮ್ಮೆಜಮಾನರಿಗೆ, ಹೆಂಡ್ತಿ ಸಣ್ಣಗಾದ್ಲೋ ದಪ್ಪಗಾದ್ಲೋ ಕಾಣಲ್ಲ. ಕೆಮ್ಮು ಬಂದ್ರೆ ಒಲೆ ಹೊಗೆ ಅಂತೀನಿ. ಗ್ಯಾಸ್ ಒಲೇಲಿ ಎಲ್ಲಿಂದ ಬರುತ್ತೋ ಹೊಗೆ! ಈ ಕೆಲಸ ಸಿಕ್ಕಿದ ಮೇಲೆ ಆರಾಮಾಯ್ತು. 'ಪಾಠ ಒಪ್ಪಿಸ್ತಾ ಇದ್ದೀನಿ ಅತ್ತೆ, ಸರ್ಕಾರಿ ಕೆಮ್ಮು' ಅಂದ್ರೆ ಊರೆಲ್ಲ ನಗೋದು.

ಯಾಕೆ ಬಂದೆ ಅಂತ ಕೇಳ್ತಿದೀರ ಕಣ್ಣಲ್ಲಿ. ಯಾಕೆ ಅಂದ್ರೆ... ಮೂವತ್ತು ಜನ ಡಾಕ್ಟರು! ನನ್ನ ಹೆಸರು ಕೇಳಲ್ಲ, ಊರು ಕೇಳಲ್ಲ, ಚೀಟಿ ಇಲ್ಲ, ಯಾವ ಪುಸ್ತಕದಲ್ಲೂ ಬರ್ಕೊಳ್ಳಲ್ಲ. ಒಬ್ಬೊಬ್ಬರ ಮುಂದೂ ಕೂತು ಇರೋದನ್ನ ಇದ್ದಂಗೆ ಹೇಳ್ಬಹುದು. ಮೂವತ್ತರಲ್ಲಿ ಒಬ್ಬರಾದ್ರೂ, 'ಇಲ್ಲಮ್ಮ, ಇದು ಅದಲ್ಲ' ಅಂತಾರೇನೋ ಅಂತ. ಕೋದಂಡರಾಮಪ್ಪ ಅಂದ್ರಲ್ಲ, ಬರೀ ಶೀತ ಅಂತ! ಪಾತ್ರ ಬಿಟ್ಟು ನಕ್ಕಿದ್ದು ಅದಕ್ಕೇ. ಕಾಲಿಗೆ ಬೀಳೋಣ ಅನ್ನಿಸ್ತು. ಮೊದಲನೇ ದಿನ ಹತ್ತು ಜನದಲ್ಲಿ ಏಳು ಜನ ಶೀತ ಅಂದ್ರು, ಅಲರ್ಜಿ ಅಂದ್ರು, ಗ್ಯಾಸು ಅಂದ್ರು. ಅವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಮುದ್ದೆ ಉಂಡೆ.

ನೀವು ಬಿಟ್ರಾ? ಎರಡನೇ ದಿನ ಪಾಠ, ಮೂರನೇ ದಿನ ಪಾಠ. ಎರಡು ವಾರ ಮೀರಿದ ಕೆಮ್ಮು ಅಂದ್ರೆ ಕಫ ಪರೀಕ್ಷೆ, ಬೆವರು ಕೇಳಿ, ತೂಕ ಕೇಳಿ, ಮುಖ ನೋಡಿ ಮಾತಾಡಿ... ಇವತ್ತು ನೋಡಿ, ಒಬ್ಬರೂ ತಪ್ಪಲಿಲ್ಲ. ಆ ಮುದುಕಪ್ಪನೂ ಸೂಜಿ ಮುಟ್ಟಲಿಲ್ಲ. ನನ್ನ ಮುಖ ನೋಡಿ, 'ಕಫ ಪರೀಕ್ಷೆ ಮಾಡಿಸೋಣ ತಾಯಿ' ಅಂದ್ರು. ಎಲ್ಲರೂ ಚಪ್ಪಾಳೆ ತಟ್ಟಿದ್ರಿ. ಭಲೇ ಕಲಿಸಿದ್ರಿ ಮೇಡಂ! ನಂಗೆ ಅಂತ ಒಬ್ಬನೇ ಒಬ್ಬ ದಡ್ಡ ಡಾಕ್ಟರನ್ನೂ ಉಳಿಸಲಿಲ್ಲ.

ಗೊತ್ತು, ಗೊತ್ತು. ಆರು ತಿಂಗಳು ಮಾತ್ರೆ ತಗೊಂಡ್ರೆ ವಾಸಿಯಾಗುತ್ತೆ. ಗೋಡೆ ಮೇಲೆ ಬರೆದಿದ್ದೀರಲ್ಲ. ಆ ಮಾತ್ರೆ ರೋಗಕ್ಕೆ ತಾನೇ ಕೊಡ್ತೀರ, ಅತ್ತೆಗೆ ಏನು ಕೊಡ್ತೀರ?

ನಮ್ಮ ಓರಗಿತ್ತಿ ಸುನಂದಕ್ಕ, ನಮ್ಮ ಭಾವನ ಹೆಂಡ್ತಿ. ಅವಳಿಗೆ ಬಂತು. 'ವಾಸಿ ಮಾಡ್ಕೊಂಡು ಬಾಮ್ಮ' ಅಂತ ಬೈರಕೂರಿಗೆ, ತೌರಿಗೆ, ಕಳಿಸಿದ್ರು. ಒಂದೂವರೆ ವರ್ಷದ ಮಗ ಇಲ್ಲೇ ಇರ್ಲಿ, ಅವನಿಗೆ ಅಂಟುತ್ತೆ ಅಂದ್ರು ಅತ್ತೆ. ಆರು ತಿಂಗಳು ಒಂದು ಮಾತ್ರೆ ಬಿಡದೆ ನುಂಗಿ, ಪೂರ್ತಿ ವಾಸಿಯಾಯ್ತು ಅಂತ ರಿಪೋರ್ಟು ಹಿಡ್ಕೊಂಡು ಬಂದ್ಲು ಪುಣ್ಯಾತ್ಗಿತ್ತಿ. ಮಗ ಅತ್ತೆ ಸೆರಗೊಳಗೆ ಬಚ್ಚಿಟ್ಕೊಂಡ. 'ಅವ್ವಾ, ಯಾರು ಅದು' ಅಂದ. ಅವ್ವ ಅಂದಿದ್ದು ಅತ್ತೇನ! ಇವಳು ಬಾಗಿಲಲ್ಲೇ ನಿಂತಿದ್ಲು, ಕೈಯಲ್ಲಿ ರಿಪೋರ್ಟು. ಇನ್ನೂ ಸ್ವಲ್ಪ ದಿನ ಹೋಗ್ಲಿ ಅಂದ್ರು. ಆ ಸ್ವಲ್ಪ ದಿನಕ್ಕೆ ಈಗ ಎರಡು ವರ್ಷ. ಒಳಗೆ ನಿಂತು ಎಲ್ಲಾ ನೋಡಿದೋಳು ನಾನೇ. ನಾನೂ ಒಂದು ಮಾತು ಆಡಲಿಲ್ಲ. ಇಷ್ಟುದ್ದ ಬಾಯಿ ಇಟ್ಕೊಂಡು!

ಅಳ್ತಿಲ್ಲ. ಸೆರಗು ಅಡ್ಡ ಇಟ್ಕೊಂಡಿರೋದು ನಿಮಗೋಸ್ಕರ.

ನೀವೇನಾದ್ರೂ ಕೇಳಿ ಮೇಡಂ. ಅವರಿಗೆಲ್ಲ ನಾಲ್ಕು ದಿನ ಕೇಳೋದು ಕಲಿಸಿದ್ರಲ್ಲ, ನೀವ್ಯಾಕೆ ಸುಮ್ಮನಿದ್ದೀರ? ಕೇಳಿದ್ರೆ ಇಲ್ಲ ಅಂತೀನಿ. ಏಳನೇ ಸಲಾನೂ ಇಲ್ಲ ಅಂತೀನಿ. ಅದು ಗೊತ್ತಿದ್ದೇ ಕೇಳ್ತಿಲ್ವಾ ನೀವು?

...

ಇದ್ದಾಳೆ.

ಚಂದನ ಅಂತ. ಮೂರು ವರ್ಷ ತುಂಬಿ ಎರಡು ತಿಂಗಳು. ಅಂಗನವಾಡಿ ತಕ್ಕಡೀಲಿ ಹನ್ನೊಂದು ಕೇಜಿ. ಹೋದ ತಿಂಗಳೂ ಹನ್ನೊಂದು, ಅದರ ಹಿಂದಿನ ತಿಂಗಳೂ ಹನ್ನೊಂದು. ಮುಂಚೆ ಕೋಳಿಮರಿ ಅಟ್ಟಿಸ್ಕೊಂಡು ಬೀದಿ ತುಂಬ ಓಡೋಳು, ಈಗ ನಾಲ್ಕು ಹೆಜ್ಜೆಗೆ ಎತ್ಕೋ ಅಂತಾಳೆ. ನನ್ನ ಬಿಟ್ಟು ಬೇರೆಯೋರ ಹತ್ರ ಮಲಗಲ್ಲ. ನಾಲ್ಕೈದು ದಿನದ ಹಿಂದೆ ಕೆಮ್ಮೋಕೆ ಶುರು ಮಾಡಿದ್ಲು. ನಾನು ಪಾಠ ಒಪ್ಪಿಸೋದು ನೋಡಿ ನನ್ನ ಅಣಕಿಸ್ತಾಳೆ ಅಂದ್ಕೊಂಡೆ. ಅತ್ತೆನೂ ನಕ್ರು, ತಾಯಿಗೆ ತಕ್ಕ ಮಗಳು, ಇವಳಿಗೂ ಕೋಲಾರದಲ್ಲಿ ಕೆಲಸ ಕೊಡಿಸು ಅಂತ. ನಾನೂ ನಕ್ಕೆ. ಇನ್ನೊಂದ್ಸಲ ಮಾಡು ಚಿನ್ನ ಅಂದೆ.

ನೆನ್ನೆ ನಿದ್ದೇಲಿ ಕೆಮ್ಮಿದ್ಲು ಮೇಡಂ. ಕಣ್ಣು ಮುಚ್ಚೇ ಇತ್ತು. ನಿದ್ದೇಲಿ ಯಾರಾದ್ರೂ ಅಣಕಿಸ್ತಾರಾ?