ಬಿಸಿನೀರು ಮತ್ತು ನಮ್ಮ ಬೀದಿಯ ಮೂಗು

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಬಹಳ ದೂರದಿಂದ ಬಂದು, ಬಂದಾಗಿನಿಂದ ಮೂಗಿನ ಮೇಲೆ ಕರವಸ್ತ್ರ ಇಟ್ಟುಕೊಂಡಿರುವ ಮುಖ್ಯ ಅತಿಥಿಗಳೇ, ಈ ಸಂಜೆ ಸನ್ಮಾನ ಸ್ವೀಕರಿಸಲಿರುವ ಅಂಟು ಕಾರ್ಖಾನೆಯ ಯಜಮಾನರೇ, ಮತ್ತು ಇವತ್ತೂ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಂದಿರುವ ನನ್ನ ಬೀದಿಯ ಸಭಿಕರೇ,

ಯಜಮಾನರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ಕಾರ್ಖಾನೆಯ ವಾಸನೆ ನಿಂತಿದೆ, ಆದ್ದರಿಂದ ಎರಡನೆಯ ಬಾಯ್ಲರಿಗೆ ಎಲ್ಲರೂ ಕೈ ಎತ್ತಿ ಒಪ್ಪಿಗೆ ಕೊಡಿ ಎಂದು ಕೊನೆಯಲ್ಲಿ ಕೇಳಿಕೊಳ್ಳಬೇಕಂತೆ. ಈಗ ಬಿಸಿನೀರು ಬೆಳಿಗ್ಗೆ ಮಾತ್ರ. ಒಪ್ಪಿದರೆ ಹಗಲೂ ರಾತ್ರಿಯೂ.

ಹೊಸಬರಿಗಾಗಿ ಹೇಳಿಬಿಡುತ್ತೇನೆ. ಈ ಕಾರ್ಖಾನೆ ಮೂಳೆ, ಚರ್ಮದ ಚೂರುಗಳನ್ನು ಬೇಯಿಸಿ ಅಂಟು ಮಾಡುತ್ತದೆ. ಆ ವಾಸನೆಯನ್ನು ನಾವು ಸಹಿಸಿಕೊಂಡರೆ, ಅದೇ ಶಾಖದಲ್ಲಿ ಕಾದ ನೀರು ಮನೆಮನೆಗೂ ಪುಕ್ಕಟೆ ಎಂದು ಹಿಂದಿನ ಯಜಮಾನರ ಕಾಲದಲ್ಲಿ ಒಪ್ಪಂದವಾಯಿತು. ಮೊದಲು ಕೈ ಎತ್ತಿದವಳು ನಮ್ಮಮ್ಮ. ಮಂಡಿನೋವಿನಲ್ಲಿ ನರಳುತ್ತಿದ್ದಳು. "ವಾಸನೆ ಬಂದ್ರೆ ಮೂಗು ಮುಚ್ಕೋಬಹುದು ಕಣೋ, ಮಂಡಿ ಮುಚ್ಕೊಂಡ್ರೆ ನೋವು ಹೋಗುತ್ತಾ?" ಎಂದಳು. ಯಾರು ಎದುರಾಡುತ್ತಾರೆ ಹೇಳಿ?

ಒಂದು ಷರತ್ತಿತ್ತು. ಬೀದಿಯವನೊಬ್ಬ ದಿನಾ ಬೆಳಿಗ್ಗೆ ಕಾರ್ಖಾನೆಯ ಗೇಟಿನ ಮುಂದೆ ನಿಂತು ಮೂಸಿ ನೋಡಬೇಕು. ತೀರಾ ವಿಪರೀತವಾದರೆ ಅಲ್ಲಿರುವ ಗಂಟೆ ಬಾರಿಸಬೇಕು, ಅವರು ಉರಿ ತಗ್ಗಿಸಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ಬೀದಿಗೆಲ್ಲ ನಾನು ಮೂಗಣ್ಣನಾದೆ. "ಕಂಡವರ ವಿಷಯಕ್ಕೆ ಮೂಗು ತೂರಿಸೋದು ಇವರಿಗೆ ಮೊದಲೇ ಬರ್ತಿತ್ತು, ಈಗ ಅದೇ ಕೆಲಸ ಸಿಕ್ತು" ಎಂದು ನನ್ನ ಹೆಂಡತಿ ನಕ್ಕಳು.

ಮೊದಮೊದಲು ಕೈ ನೋಯುವಷ್ಟು ಬಾರಿಸಿದೆ. ಬರುಬರುತ್ತಾ ಅಪರೂಪವಾಯಿತು. ಈ ವರ್ಷ ಗಂಟೆ ಮುಟ್ಟಿಯೇ ಇಲ್ಲ. ಹೊಸ ಯಂತ್ರ ಹಾಕಿಸಿದ್ದೇವೆ ಎಂದರು ಯಜಮಾನರು. ನಾವು ಚಪ್ಪಾಳೆ ತಟ್ಟಿದೆವು.

ಸಭಿಕರೇ, ಆ ಯಂತ್ರವನ್ನು ನಿಮ್ಮಲ್ಲಿ ಯಾರಾದರೂ ಕಣ್ಣಾರೆ ಕಂಡಿದ್ದೀರಾ? ಇವತ್ತು ಬೆಳಿಗ್ಗೆ ವಾಚ್‌ಮನ್ನನ್ನು ಕೇಳಿದೆ. "ಒಳಗಿರಬೇಕು ಸಾರ್" ಅಂದ. ಒಳಗೆ ಬಾಯ್ಲರ್ ನೋಡಿಕೊಳ್ಳುವವನನ್ನು ಕೇಳಿದೆ. "ಹೊರಗೆ ಹಾಕಿರಬೇಕು" ಅಂದ. ಯಜಮಾನರ ಕಾರು ನಮ್ಮ ಬೀದಿಗೆ ತಿರುಗುತ್ತಲೇ ಗಾಜು ಏಕೆ ಮೇಲೇರುತ್ತದೆ? ಧೂಳಿಗಿರಬಹುದು. ಮುಖ್ಯ ಅತಿಥಿಗಳಿಗೆ ನೆಗಡಿಯಿರಬಹುದು. ಇರಲಿ.

ಈ ಅನುಮಾನ ಹತ್ತಿಸಿದವಳು ನನ್ನ ತಂಗಿ. ಎಷ್ಟೋ ವರ್ಷಗಳ ಮೇಲೆ, ನನ್ನ ಮೊಮ್ಮಗಳನ್ನು ನೋಡಲು ನಿನ್ನೆ ಬಂದಳು. ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, "ಏನಣ್ಣಾ ಇದು, ಮೊದಲಿಗಿಂತ ಜಾಸ್ತಿಯಾಗಿದೆಯಲ್ಲ!" ಎಂದಳು. "ವಾಸನೆ ನಿಂತು ವರ್ಷವಾಯ್ತು ಕಣೇ" ಎಂದು ನಕ್ಕೆ. ಅವಳು ಮಗುವನ್ನು ಎತ್ತಿಕೊಂಡು ನೆತ್ತಿ ಮೂಸಿದಳು. ನನ್ನ ಸೊಸೆಯ ಕೈಗೆ ವಾಪಸು ಕೊಟ್ಟಳು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, "ಮಗು ತಲೇಲೂ ಅದೇ ವಾಸನೆ ಅಣ್ಣಾ" ಎಂದಳು.

ಹೊಟ್ಟೆಕಿಚ್ಚು ಎಂದುಕೊಂಡೆ. ಅವಳ ಮನೆಯಲ್ಲಿ ಪುಕ್ಕಟೆ ಬಿಸಿನೀರಿಲ್ಲವಲ್ಲ! ಅವಳು ಹೋದ ಮೇಲೆ ನಾನೂ ಮಗುವಿನ ನೆತ್ತಿಗೆ ಮೂಗು ಒತ್ತಿದೆ. ಕಾರ್ಖಾನೆಯ ವಾಸನೆ ಬರಲಿಲ್ಲ. ಸೋಪಿನದೂ ಬರಲಿಲ್ಲ, ಹಾಲಿನದೂ ಬರಲಿಲ್ಲ. ನನ್ನ ಮೊಮ್ಮಗಳ ವಾಸನೆ ಹೇಗಿದೆಯೆಂದು ನನಗೆ ಗೊತ್ತಿಲ್ಲ, ಸಭಿಕರೇ. ನನಗೆ ಅಳು ಬಂದುಬಿಟ್ಟಿತು.

ಬೆಳಗಿನಿಂದ ಎಲ್ಲರ ಮೇಲೂ ಅನುಮಾನಪಟ್ಟೆ. ಆದರೆ ಹಗಲೂ ರಾತ್ರಿ ಆ ಹೊಗೆಯಲ್ಲೇ ಮಲಗಿ ಏಳುವವನನ್ನು ಮೂಸಲು ನೇಮಿಸಿದವರು ನಾವೇ ಅಲ್ಲವೇ? ನಿಮ್ಮ ಮೂಗುಗಳೂ ನನ್ನ ಪಕ್ಕದ ಮನೆಯವೇ ತಾನೇ?

ಆದ್ದರಿಂದ ಕೈ ಎತ್ತಿ ಎಂದು ನಾನು ಕೇಳುವುದಿಲ್ಲ. ಮುಖ್ಯ ಅತಿಥಿಗಳೇ, ಬೀದಿಯ ಪರವಾಗಿ ಒಂದೇ ಕೋರಿಕೆ. ಆ ಕರವಸ್ತ್ರ ತೆಗೆದು, ಒಮ್ಮೆ ಉಸಿರೆಳೆದು, ನಮಗೆ ನಿಜ ಹೇಳಿ.

ಆಗುತ್ತಿಲ್ಲವೇ? ಬೇಡ, ಕಷ್ಟಪಡಬೇಡಿ. ಉತ್ತರ ಸಿಕ್ಕಿತು.

ಅಧ್ಯಕ್ಷರು ಮೈಕ್ ಕೇಳುತ್ತಿದ್ದಾರೆ, ಕೊಡುತ್ತೇನೆ. ಇಷ್ಟು ಹೊತ್ತು ಮಾತಾಡಲು ಬಿಟ್ಟದ್ದಕ್ಕೆ ಅವರಿಗೆ, ಕರವಸ್ತ್ರ ತೆಗೆಯದೆ ಇದ್ದದ್ದಕ್ಕೆ ಅತಿಥಿಗಳಿಗೆ, ನಮ್ಮಮ್ಮನ ಮಂಡಿಗೆ ಸುಖ ಕೊಟ್ಟ ಕಾರ್ಖಾನೆಗೂ ನನ್ನ ಧನ್ಯವಾದ. ನಾನೀಗ ಗೇಟಿನ ಹತ್ತಿರ ಹೋಗುತ್ತಿದ್ದೇನೆ. ಇಲ್ಲಿ ಕುಳಿತವರಿಗೂ ಗಂಟೆ ಕೇಳಿಸುತ್ತದೆ. ನಮಸ್ಕಾರ.